ಬೆಂಗಳೂರಿನಲ್ಲಿ ಎಷ್ಟು ಡಿಗ್ರಿ ಹಿತ? ಕಚೇರಿ, ಹೋಟೆಲು ಮತ್ತು ಕಿಟಕಿ ಕುರಿತ ಒಂದು ಟಿಪ್ಪಣಿ

ರಾಷ್ಟ್ರೀಯ ಕಟ್ಟಡ ಸಂಹಿತೆ ನಮ್ಮ ದೇಶವನ್ನು ಐದು ಹವಾಮಾನ ವಲಯಗಳಾಗಿ ವಿಂಗಡಿಸುತ್ತದೆ. ಅವುಗಳಲ್ಲಿ ಕಟ್ಟುವವರಿಗೆ ಅತಿ ಕಡಿಮೆ ಕಷ್ಟ ಕೊಡುವುದು ಸಮಶೀತೋಷ್ಣ ವಲಯ, ಬೆಂಗಳೂರು ಸೇರುವುದು ಅದಕ್ಕೇ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಈ ಊರನ್ನು ಪಿಂಚಣಿದಾರರ ಸ್ವರ್ಗ ಎಂದು ಕರೆಯುತ್ತಿದ್ದ ಕಾಲವೂ ಇತ್ತು. ಈಗ ಏಪ್ರಿಲ್ ಮಧ್ಯಾಹ್ನ ಹೊರವರ್ತುಲ ರಸ್ತೆಯ ಗಾಜಿನ ಕಚೇರಿಗಳಲ್ಲಿ ಕೆಲವರು ಸ್ವೆಟರ್ ತೊಟ್ಟು, ಶಾಲು ಹೊದ್ದು ಕೆಲಸ ಮಾಡುತ್ತಾರೆ. ಹೋಟೆಲುಗಳ ಹಾಸಿಗೆಯ ಮೇಲೆ ವರ್ಷವಿಡೀ ದಪ್ಪ ರಜಾಯಿ ಇರುತ್ತದೆ. ಹೊರಗೆ ಸೆಖೆ, ಒಳಗೆ ಚಳಿ, ನಡುವೆ ವಿದ್ಯುತ್ ಬಿಲ್ಲು. ಇದೇ ಕಟ್ಟಡಗಳಲ್ಲಿ ಹಲವಕ್ಕೆ ಹಸಿರು ಕಟ್ಟಡವೆಂಬ ಪ್ರಮಾಣಪತ್ರವೂ ಇದೆ.

ಒಳಗಿನ ಉಷ್ಣತೆ 22 ಡಿಗ್ರಿಯಿದ್ದರೆ ಹಿತ ಎಂಬ ನಂಬಿಕೆ ಎಲ್ಲಿಂದ ಬಂತು, ಬೆಂಗಳೂರಿನಂಥ ಊರಿಗೆ ಅದು ಎಷ್ಟು ಸಲ್ಲುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ. ಹಿತವನ್ನು ನಿರ್ಧರಿಸುವುದರಲ್ಲಿ ಗೋಡೆಯ ಮೇಲಿನ ಅಂಕಿಯಷ್ಟೇ ಪಾಲು ಕೊಠಡಿಯಲ್ಲಿರುವವರ ಕೈಗೆ ಸಿಗುವ ಹಿಡಿತಕ್ಕೂ ಇದೆ ಎಂಬುದು ನನ್ನ ವಾದ. ಹಿಡಿತ ಎಂದರೆ ಕಿಟಕಿಯ ಚಿಲಕ, ಫ್ಯಾನಿನ ರೆಗ್ಯುಲೇಟರ್, ಮೈಮೇಲಿನ ಬಟ್ಟೆ. ಕಚೇರಿಗಿಂತ ಹೋಟೆಲಿನಲ್ಲಿ ಈ ವಾದ ಹೆಚ್ಚು ಕಠಿಣ ಪರೀಕ್ಷೆಗೆ ಒಳಗಾಗುತ್ತದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಅಂಕಿಯ ಮೂಲ. ಡೆನ್ಮಾರ್ಕ್‌ನ ಎಂಜಿನಿಯರ್ ಪಿ. ಒ. ಫ್ಯಾಂಗರ್ ಉಷ್ಣಹಿತದ ಬಗ್ಗೆ ಬರೆದ ಗ್ರಂಥ 1970ರಲ್ಲಿ ಪ್ರಕಟವಾಯಿತು. ಗಾಳಿಯ ಉಷ್ಣತೆ, ಸುತ್ತಲಿನ ಗೋಡೆ-ಚಾವಣಿಗಳಿಂದ ಹೊಮ್ಮುವ ಶಾಖ, ಗಾಳಿಯ ವೇಗ, ತೇವಾಂಶ, ಬಟ್ಟೆಯ ದಪ್ಪ, ದೇಹದ ಚಟುವಟಿಕೆ ಎಂಬ ಆರು ಅಂಶಗಳನ್ನು ಒಂದು ಸಮೀಕರಣದಲ್ಲಿ ಸೇರಿಸಿ, ಹೆಚ್ಚಿನ ಜನ ಏನೆನ್ನುತ್ತಾರೆ ಎಂದು ಅದು ಅಂದಾಜಿಸುತ್ತದೆ. ಕೆಲಸ ಅಚ್ಚುಕಟ್ಟಾದುದು, ಅರ್ಧ ಶತಮಾನ ಕಳೆದರೂ ಬಳಕೆಯಲ್ಲಿದೆ. ಆದರೆ ಅದಕ್ಕೆ ಆಧಾರವಾದದ್ದು ಮುಚ್ಚಿದ ಪ್ರಯೋಗಕೋಣೆಗಳಲ್ಲಿ ಕೂರಿಸಿದ ಅಮೆರಿಕ ಮತ್ತು ಡೆನ್ಮಾರ್ಕ್‌ನ ಕಾಲೇಜು ವಿದ್ಯಾರ್ಥಿಗಳ ಉತ್ತರ. ಅವರಿಗೆ ಎಲ್ಲರಿಗೂ ಒಂದೇ ಬಗೆಯ ಬಟ್ಟೆ, ತೆರೆಯಲು ಕಿಟಕಿಯಿಲ್ಲ. ಲೆಕ್ಕಕ್ಕೆ ಬಳಸುವ ದೇಹಶಾಖದ ಮೌಲ್ಯಗಳಲ್ಲೂ ಒಂದು ಓರೆಯಿದೆ. ನೆದರ್ಲೆಂಡ್ಸ್‌ನ ಕಿಂಗ್ಮಾ ಮತ್ತು ವಾನ್ ಮಾರ್ಕೆನ್ ಲಿಖ್ಟೆನ್‌ಬೆಲ್ಟ್ 2015ರಲ್ಲಿ ತೋರಿಸಿದ ಹಾಗೆ, ಸುಮಾರು 70 ಕಿಲೋ ತೂಕದ, 40 ವಯಸ್ಸಿನ ಗಂಡಸನ್ನು ಅಳತೆಗೋಲಾಗಿಟ್ಟುಕೊಂಡ ಈ ಮೌಲ್ಯಗಳು ಹೆಂಗಸರ ದೇಹಶಾಖವನ್ನು ಶೇ. 35ರವರೆಗೂ ಹೆಚ್ಚಾಗಿ ಅಂದಾಜಿಸಬಲ್ಲವು. ಕಚೇರಿಯ ಶಾಲುಗಳು ಯಾರ ಹೆಗಲ ಮೇಲಿವೆ ಎಂದು ನೋಡಿದರೆ ಈ ಪ್ರಬಂಧವನ್ನು ಓದಬೇಕಾದ್ದೂ ಇಲ್ಲ.

ಇದಕ್ಕೆ ಸಮಾನಾಂತರವಾಗಿ ನಮ್ಮಲ್ಲೇ ನಡೆದ ಕೆಲಸವನ್ನು ಕಟ್ಟಡ ಉದ್ಯಮ ಹೆಚ್ಚು ನೆನಪಿಟ್ಟುಕೊಂಡಿಲ್ಲ. ಬ್ರಿಟನ್ನಿನ ಫರ್ಗಸ್ ನಿಕಲ್ 1974ರಲ್ಲಿ ರೂರ್ಕಿ ಮತ್ತು ಬಾಗ್ದಾದ್‌ಗಳ ಅವಲೋಕನಗಳನ್ನು ವಿಶ್ಲೇಷಿಸಿ ಒಂದು ಲೇಖನ ಪ್ರಕಟಿಸಿದರು. ಗಾಳಿಯಾಡುತ್ತಿದ್ದರೆ, ಪ್ರಯೋಗಕೋಣೆಯ ಲೆಕ್ಕ ಒಪ್ಪದಷ್ಟು ಹೆಚ್ಚಿನ ಉಷ್ಣತೆಯಲ್ಲೂ ಅಲ್ಲಿನವರು ಅಹಿತವೆನ್ನಲಿಲ್ಲ. ಮನುಷ್ಯ ತನ್ನ ಹವೆಗೆ ಒಗ್ಗಿಕೊಳ್ಳುತ್ತಾನೆ, ಒಗ್ಗಿಕೊಳ್ಳಲು ತಾನೂ ಏನಾದರೂ ಮಾಡುತ್ತಾನೆ ಎಂಬ ಸಿದ್ಧಾಂತ ಬೆಳೆದು ಬಂದ ಬೇರುಗಳಲ್ಲಿ ಇದೂ ಒಂದು. ಆ ಸಿದ್ಧಾಂತವನ್ನು ಅಮೆರಿಕದ ಮಾನಕ ತನ್ನೊಳಗೆ ಸೇರಿಸಿಕೊಂಡದ್ದು 2004ರಲ್ಲಿ, ಡಿ ಡಿಯರ್ ಮತ್ತು ಬ್ರೇಗರ್ ನಾಲ್ಕು ಖಂಡಗಳ 160 ಕಟ್ಟಡಗಳಿಂದ ಬಂದ ಸುಮಾರು 21,000 ಉತ್ತರಗಳನ್ನು ಒಟ್ಟುಗೂಡಿಸಿದ ಮೇಲೆ.

ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯ ಶರ್ಮಾ ಮತ್ತು ಅಲಿ 1986ರಲ್ಲಿ ‘ಟ್ರಾಪಿಕಲ್ ಸಮ್ಮರ್ ಇಂಡೆಕ್ಸ್’ ಎಂಬ ಸೂಚ್ಯಂಕವನ್ನು ಪ್ರಕಟಿಸಿದರು. ಸೂತ್ರ ಎಷ್ಟು ಸರಳವೆಂದರೆ ಬಾಯಿಲೆಕ್ಕದಲ್ಲಿ ಮುಗಿಯುತ್ತದೆ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ತೋರಿಸುವ ಡಿಗ್ರಿಯ ಮೂರನೇ ಒಂದು ಪಾಲಿಗೆ, ಕಪ್ಪು ಗೋಲದೊಳಗಿಟ್ಟ ಉಷ್ಣಮಾಪಕದ ಡಿಗ್ರಿಯ ಮುಕ್ಕಾಲು ಪಾಲನ್ನು ಕೂಡಬೇಕು. ಬಂದ ಮೊತ್ತದಿಂದ, ಸೆಕೆಂಡಿಗೆ ಇಷ್ಟು ಮೀಟರ್ ಎಂದು ಅಳೆದ ಗಾಳಿಯ ವೇಗದ ವರ್ಗಮೂಲದ ಎರಡರಷ್ಟನ್ನು ಕಳೆಯಬೇಕು. ಉತ್ತರ 25ರಿಂದ 30ರ ಒಳಗಿದ್ದರೆ ಹಿತ, 27.5 ಅತ್ಯಂತ ಹಿತ.

ಬೆಂಗಳೂರಿನ ಒಂದು ಬೇಸಗೆಯ ಮಧ್ಯಾಹ್ನಕ್ಕೆ ಇದನ್ನು ಹಚ್ಚಿ ನೋಡೋಣ. ನೆರಳಿರುವ ಒಂದು ಕೋಣೆಯಲ್ಲಿ ಗೋಲದ ಉಷ್ಣತೆ 30, ಒದ್ದೆ ಉಷ್ಣಮಾಪಕದ್ದು 21 ಎಂದು ಇಟ್ಟುಕೊಳ್ಳುತ್ತೇನೆ. ಏಪ್ರಿಲ್‌ನ ಒಣ ಹವೆಗೆ ಇದು ಉತ್ಪ್ರೇಕ್ಷೆಯಲ್ಲ. ಮೂರನೇ ಒಂದು ಪಾಲು 7, ಮುಕ್ಕಾಲು ಪಾಲು 22.5, ಒಟ್ಟು 29.5. ಅಂದರೆ ಫ್ಯಾನ್ ಹಾಕದೆ ಸುಮ್ಮನೆ ಕೂತರೂ ಹಿತದ ಮೇಲಂಚಿನೊಳಗೇ ಇದ್ದೇವೆ. ಫ್ಯಾನು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಗಾಳಿ ಬೀಸಿದರೆ 2 ಕಳೆದು 27.5. ರೂರ್ಕಿಯವರು ಅತ್ಯಂತ ಹಿತವೆಂದ ಬಿಂದು ಅದೇ. ಇದಕ್ಕೆ ತಗಲುವುದು ಹಳೆಯ ಮಾದರಿಯ ಫ್ಯಾನಾದರೆ ಸುಮಾರು 75 ವಾಟ್, ಈಗಿನ ಬಿಎಲ್‌ಡಿಸಿ ಫ್ಯಾನಾದರೆ ಅದರ ಅರ್ಧಕ್ಕಿಂತ ಕಡಿಮೆ. ಒಂದೂವರೆ ಟನ್ನಿನ ಏಸಿ ಪೂರ್ತಿ ಓಡುವಾಗ 1,500 ವಾಟ್‌ನ ಆಸುಪಾಸಿನಲ್ಲಿರುತ್ತದೆ.

ರೂರ್ಕಿಯ ಸೂಚ್ಯಂಕಕ್ಕೂ ಮಿತಿಯಿದೆ. ಅದು ಕೆಲವೇ ಯುವಕರ ಅನುಭವವನ್ನು ಆಧರಿಸಿದ್ದು, ಹೆಂಗಸರು ಅದರಲ್ಲಿ ಇಲ್ಲ. ಫ್ಯಾಂಗರ್ ಲೆಕ್ಕದ ಓರೆಯನ್ನು ಎತ್ತಿ ತೋರಿಸಿದವರು ಇದನ್ನು ಮರೆಮಾಚುವಂತಿಲ್ಲ. ಹಾಗಾಗಿ ಇದಕ್ಕಿಂತ ದೊಡ್ಡ ಸಮೀಕ್ಷೆಯೊಂದು ಬೇಕಿತ್ತು. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಆಸ್ಟ್ರೇಲಿಯದವರ ಜೊತೆಗೂಡಿ ಅದನ್ನು ನಡೆಸಿದರು. ಐದು ವಲಯಗಳಿಗೆ ಐದು ಊರು: ಅಹಮದಾಬಾದ್, ಬೆಂಗಳೂರು, ಚೆನ್ನೈ, ದೆಹಲಿ, ಶಿಮ್ಲಾ. ಮೂರು ಋತುಗಳು, 16 ಕಚೇರಿ ಕಟ್ಟಡಗಳು, 6,330 ಉತ್ತರಗಳು. ಐಮ್ಯಾಕ್ ಎಂದು ಕರೆಯಲಾಗುವ ಈ ಮಾದರಿ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಸೇರಿದೆ. ನಮ್ಮ ಕಚೇರಿಗಳಲ್ಲಿ ಕೂತವರಿಗೆ ನಿಜವಾಗಿ ಎಷ್ಟು ಸೆಖೆ ಅನಿಸುತ್ತದೋ ಅದಕ್ಕಿಂತ ಹೆಚ್ಚು ಸೆಖೆಯನ್ನು ಫ್ಯಾಂಗರ್ ಸಮೀಕರಣ ಅವರ ಮೇಲೆ ಹೊರಿಸುತ್ತದೆ ಎಂಬುದು ಅದರ ಮುಖ್ಯ ಶೋಧ.

ಕಿಟಕಿ ತೆರೆದು ಬಾಳುವ ಕಟ್ಟಡಕ್ಕೆ ಐಮ್ಯಾಕ್ ಕೊಡುವ ಲೆಕ್ಕ ಹೀಗಿದೆ: ಕಳೆದ 30 ದಿನಗಳ ಹೊರಗಿನ ಸರಾಸರಿ ಉಷ್ಣತೆಯನ್ನು 0.54ರಿಂದ ಗುಣಿಸಿ 12.83 ಕೂಡಿದರೆ ಬರುವುದು ಹಿತದ ಮಧ್ಯಬಿಂದು. ಅದರ ಎರಡೂ ಬದಿಗೆ 2.38 ಡಿಗ್ರಿಯವರೆಗೆ ಶೇ. 90ರಷ್ಟು ಜನ ಒಪ್ಪುತ್ತಾರೆ. ಬೆಂಗಳೂರಿನ ಏಪ್ರಿಲ್‌ನ ಹಗಲು-ರಾತ್ರಿಗಳ ಸರಾಸರಿ ಸುಮಾರು 28 ಡಿಗ್ರಿ. ಗುಣಿಸಿ ಕೂಡಿದರೆ ಮಧ್ಯಬಿಂದು 27.95, ಪಟ್ಟಿ 25.6ರಿಂದ 30.3. ಜನವರಿಯಲ್ಲಿ ಸರಾಸರಿ 22ರ ಸುತ್ತ ಇದ್ದರೆ ಪಟ್ಟಿ 22.3ರಿಂದ 27.1ಕ್ಕೆ ಇಳಿಯುತ್ತದೆ. ಏಪ್ರಿಲ್‌ನಲ್ಲಿ 22ಕ್ಕೆ ಇಟ್ಟ ಕಚೇರಿ, ಈ ಅಳತೆಯ ಪ್ರಕಾರ, ಪಟ್ಟಿಯ ಕೆಳಗಂಚಿಗಿಂತಲೂ ಮೂರೂವರೆ ಡಿಗ್ರಿ ಕೆಳಗಿದೆ.

ಅದು ಕಿಟಕಿ ತೆರೆಯುವ ಕಟ್ಟಡದ ಮಾತು, ಏಸಿ ಕಟ್ಟಡದವರ ನಿರೀಕ್ಷೆಯೇ ಬೇರೆ ಎಂಬ ಆಕ್ಷೇಪ ಬರುತ್ತದೆ. ನ್ಯಾಯವಾದ ಆಕ್ಷೇಪವೇ. ಪೂರ್ತಿ ಏಸಿಯಿರುವ ಕಟ್ಟಡಕ್ಕೆ ಸಂಹಿತೆಯಲ್ಲಿ ಬೇರೆ ಸೂತ್ರವಿದೆ: ಗುಣಕ 0.078, ಕೂಡಬೇಕಾದ್ದು 23.25, ಎರಡೂ ಬದಿಗೆ 1.5. ಏಪ್ರಿಲ್‌ಗೆ ಲೆಕ್ಕ ಹಾಕಿದರೆ ಸುಮಾರು 23.9ರಿಂದ 26.9. ಯಾವ ಬಾಗಿಲಿನಿಂದ ಹೊಕ್ಕರೂ 22 ಸಿಗುವುದಿಲ್ಲ. ಇಂಧನ ದಕ್ಷತಾ ಬ್ಯೂರೋ ಹೇಳುವಂತೆ ಏಸಿಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ. 2020ರ ಜನವರಿ 1ರಿಂದ ತಾರಾಂಕಿತ ಏಸಿಗಳು 24 ಡಿಗ್ರಿಯಿಂದಲೇ ಆರಂಭವಾಗಬೇಕೆಂಬ ನಿಯಮ ಬಂದದ್ದು ಈ ಹಿನ್ನೆಲೆಯಲ್ಲಿ. ನಿಯಮ ಒಳ್ಳೆಯದು, ರಿಮೋಟ್ ಮಾತ್ರ ನಮ್ಮ ಕೈಯಲ್ಲೇ ಇದೆ.

ಈಗ ಹೋಟೆಲಿಗೆ. ಒಗ್ಗುವಿಕೆಯ ಸಿದ್ಧಾಂತಕ್ಕೆ ಇಲ್ಲೊಂದು ತೊಡಕು ಎದುರಾಗುತ್ತದೆ. ಸೂತ್ರ ಕೇಳುವುದು ಕಳೆದ 30 ದಿನಗಳ ಹವೆಯನ್ನು. ನಿನ್ನೆ ಸಂಜೆ ವಿಮಾನ ಇಳಿದ ಅತಿಥಿಯ 30 ದಿನಗಳು ಬೆಂಗಳೂರಿನವಲ್ಲ, ಜನವರಿಯ ದೆಹಲಿಯದೋ ಮೇ ತಿಂಗಳ ಕಲಬುರಗಿಯದೋ ಆಗಿರಬಹುದು. ಕಚೇರಿಗಳ ಸಮೀಕ್ಷೆಯಿಂದ ಹುಟ್ಟಿದ ಐಮ್ಯಾಕನ್ನು ಕಣ್ಣುಮುಚ್ಚಿ ಹೋಟೆಲಿಗೆ ಹಚ್ಚುವುದು ತಪ್ಪು. ಹೋಟೆಲು ಉದ್ಯಮದವರು ‘ಯಾರಿಗೆ ಏನು ಬೇಕೋ ಗೊತ್ತಿಲ್ಲ, ಆದ್ದರಿಂದ ತಣ್ಣಗೆ ಇಡುತ್ತೇವೆ’ ಎನ್ನುವುದರಲ್ಲಿ ಅಷ್ಟು ಹುರುಳಿದೆ. ಆದರೆ ಒಗ್ಗುವಿಕೆಗೆ ಎರಡು ಕಾಲುಗಳಿವೆ. ದೇಹ ಮತ್ತು ನಿರೀಕ್ಷೆ ನಿಧಾನವಾಗಿ ಹೊಂದಿಕೊಳ್ಳುವುದು ಒಂದು, ಅದಕ್ಕೆ ವಾರಗಳು ಬೇಕು. ಸೆಖೆಯಾದಾಗ ಕಿಟಕಿ ತೆರೆಯುವುದು, ಫ್ಯಾನು ಜೋರು ಮಾಡುವುದು, ಹೊದಿಕೆ ಸರಿಸುವುದು ಇನ್ನೊಂದು. ಅದಕ್ಕೆ ಅರ್ಧ ನಿಮಿಷ ಸಾಕು, ಕಲಬುರಗಿಯವರಿಗೂ ಬರ್ಲಿನ್ನಿನವರಿಗೂ ಸಮಾನವಾಗಿ ಸಾಕು. ಹೋಟೆಲು ಕಿತ್ತುಕೊಂಡಿರುವುದು ಈ ಎರಡನೆಯದನ್ನು. ಹೊಸ ಹೋಟೆಲುಗಳ ಕೊಠಡಿಗಳಲ್ಲಿ ಬಹುಪಾಲು ಫ್ಯಾನಿಲ್ಲ, ಕಿಟಕಿ ಮೊಹರು ಹಾಕಿದಂತೆ ಮುಚ್ಚಿರುತ್ತದೆ, ಹೊದಿಕೆ ಒಂದೇ ದಪ್ಪದ್ದು. ಆಗ ಅತಿಥಿಗೆ ಉಳಿಯುವುದು ರಿಮೋಟಿನ ಎರಡು ಗುಂಡಿ. ವಿಚಿತ್ರವೆಂದರೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ತಾರಾ ವರ್ಗೀಕರಣ ಕೊಠಡಿಯ ಉಷ್ಣತೆ 20ರಿಂದ 28ರ ನಡುವೆ ಇರಲಿ ಎನ್ನುತ್ತದೆ. 28ಕ್ಕೆ ಅಡ್ಡಿಯಿಲ್ಲ, ಅಲ್ಲಿಗೆ ಹೋಗುವ ದಾರಿಯನ್ನು ಕೊಠಡಿಯೇ ಮುಚ್ಚಿದೆ.

ಮುಚ್ಚಿದ ಕೊಠಡಿಯಲ್ಲಿ ಡಿಗ್ರಿಯ ಜೊತೆಗೆ ಉಸಿರಿನ ಪ್ರಶ್ನೆಯೂ ಏಳುತ್ತದೆ. ಗೋಡೆಗೆ ತೂಗುಹಾಕುವ ಸ್ಪ್ಲಿಟ್ ಏಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಕೋಣೆಯಲ್ಲಿರುವ ಗಾಳಿಯನ್ನೇ ತಣಿಸಿ ತಿರುಗಿಸುತ್ತದೆ. 12 ಅಡಿಗೆ 15 ಅಡಿ, 9 ಅಡಿ ಎತ್ತರದ ಕೋಣೆಯ ಗಾಳಿ ಸುಮಾರು 46 ಘನ ಮೀಟರ್. ಮಲಗಿರುವ ವಯಸ್ಕರೊಬ್ಬರು ಗಂಟೆಗೆ ಹೆಚ್ಚುಕಡಿಮೆ 12 ಲೀಟರ್ ಕಾರ್ಬನ್ ಡೈಆಕ್ಸೈಡ್ ಹೊರಬಿಡುತ್ತಾರೆ. ಇಬ್ಬರಿದ್ದು, ಗಾಳಿ ಎಲ್ಲಿಂದಲೂ ಸೋರದಿದ್ದರೆ, ಗಂಟೆಗೆ 500 ಪಿಪಿಎಂನಷ್ಟು ಏರಿಕೆ. ಹತ್ತೂವರೆಗೆ ಬಾಗಿಲು ಹಾಕಿ ಮಲಗಿದರೆ ಎರಡೂವರೆಯ ಹೊತ್ತಿಗೆ 2,000 ದಾಟಬೇಕು. ಬಾಗಿಲ ಕೆಳಗಿನ ಸಂದು, ಬಚ್ಚಲಿನ ಎಕ್ಸಾಸ್ಟ್ ಫ್ಯಾನು ಇದನ್ನು ಇಳಿಸುತ್ತವೆ. ಹಾಗಾಗಿ ಇದು ಗರಿಷ್ಠ ಅಂದಾಜು. ವಿಷವೇನಲ್ಲ, ಆದರೆ ಗಾಳಿ ಬದಲಾಗುತ್ತಿಲ್ಲ ಎಂಬುದಕ್ಕೆ ಇದು ಗುರುತು. ಡೆನ್ಮಾರ್ಕ್‌ನ ಸಂಶೋಧಕರು ವಿದ್ಯಾರ್ಥಿನಿಲಯದ ಕೊಠಡಿಗಳಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಾಳಿ ಬದಲಾಗುತ್ತಿದ್ದ ಕೋಣೆಯಲ್ಲಿ ಮಲಗಿದವರಿಗೆ ಮರುದಿನ ತೂಕಡಿಕೆ ಕಡಿಮೆಯಿತ್ತು, ತರ್ಕದ ಪರೀಕ್ಷೆಯನ್ನೂ ಅವರು ಹೆಚ್ಚು ಚೆನ್ನಾಗಿ ಮಾಡಿದರು. ಪಾಲ್ಗೊಂಡವರ ಸಂಖ್ಯೆ ಚಿಕ್ಕದು, ದಿಕ್ಕು ಮಾತ್ರ ಸ್ಪಷ್ಟ. ಒಳ್ಳೆಯ ನಿದ್ದೆಯನ್ನೇ ಮಾರುವ ಉದ್ಯಮಕ್ಕೆ ಇದು ಸಣ್ಣ ವಿಷಯವಾಗಬಾರದು.

ಆತಿಥ್ಯ ಎಂದರೆ ತಂಪುಕೋಣೆಯೇ ಆಗಬೇಕಿಲ್ಲ ಎಂಬುದಕ್ಕೆ ಬೆಂಗಳೂರಿನದೇ ಒಂದು ಉದಾಹರಣೆ ಎಲ್ಲರ ಕಣ್ಣೆದುರಿಗಿದೆ. 1983ರಲ್ಲಿ ಜಯನಗರದಲ್ಲಿ ಶುರುವಾದ ದರ್ಶಿನಿ ಪದ್ಧತಿಗೆ ಬೀದಿಯ ಕಡೆ ಗೋಡೆಯೇ ಇರಲಿಲ್ಲ. ನಿಂತು ತಿನ್ನುವ ಹತ್ತು ನಿಮಿಷಕ್ಕೂ ಎಂಟು ಗಂಟೆಯ ನಿದ್ದೆಗೂ ಹೋಲಿಕೆಯಿಲ್ಲ ಎಂಬುದು ನಿಜ. ಆದರೂ ಈ ಊರಿನ ಹವೆಯನ್ನು ನಂಬಿ ದೊಡ್ಡ ವ್ಯಾಪಾರ ಕಟ್ಟಿದ್ದು ಅದೊಂದೇ ಆತಿಥ್ಯ ಉದ್ಯಮ ಇರಬೇಕು.

ಕಚೇರಿಗಳಲ್ಲಿ ಆ ನಂಬಿಕೆ ಇಟ್ಟ ಕಟ್ಟಡವೆಂದರೆ ದೊಮ್ಮಲೂರಿನ ಟೆರಿ ಸಂಸ್ಥೆಯದು. ವಾಸ್ತುಶಿಲ್ಪಿ ಸಂಜಯ್ ಮೋಹೆ. ನಿವೇಶನದ ದಕ್ಷಿಣಕ್ಕೆ ಕೊಳಚೆ ನಾಲೆ. ಗಾಳಿ ಬೀಸುವುದೂ ಆ ಕಡೆಯಿಂದಲೇ, ಅಂದರೆ ಗಾಳಿ ಬೇಕೆಂದರೆ ದುರ್ನಾತವೂ ಬರುತ್ತದೆ. ಸಾಮಾನ್ಯವಾಗಿ ಇಂಥಲ್ಲಿ ಎಲ್ಲ ಮುಚ್ಚಿ ಏಸಿ ಹಾಕಿ ಕೈತೊಳೆದುಕೊಳ್ಳುತ್ತಾರೆ. ಇಲ್ಲಿ ಕಟ್ಟಡ ನಾಲೆಗೆ ಬೆನ್ನು ಹಾಕಿತು. ದಕ್ಷಿಣದ ಗೋಡೆಯನ್ನು ಕಿಟಕಿಯಿಲ್ಲದ ಜೋಡಿಗೋಡೆಯಾಗಿ ಕಟ್ಟಿ ಹೊರಮೈಗೆ ಕಪ್ಪು ಕಡಪ ಕಲ್ಲು ಹೊದಿಸಿದರು. ಬಿಸಿಲಿಗೆ ಕಪ್ಪು ಕಲ್ಲು ಕಾಯುತ್ತದೆ, ಅದರ ಹಿಂದಿನ ಪೊಳ್ಳಿನಲ್ಲಿರುವ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಏರಿದಾಗ ಕೆಳಗೆ ಒತ್ತಡ ತಗ್ಗುತ್ತದೆ. ಆ ತಗ್ಗನ್ನು ತುಂಬಲು ಉತ್ತರದ ಕಡೆಯ ತಂಪುಗಾಳಿ ಕಚೇರಿಯನ್ನು ಹಾದು ಬರುತ್ತದೆ. ಸೆಖೆ ತರಬೇಕಾದ ಬಿಸಿಲೇ ಇಲ್ಲಿ ಗಾಳಿಯನ್ನು ಎಳೆಯುವ ಮೋಟಾರು. ಅದಕ್ಕೆ ಸ್ವಿಚ್ಚಿಲ್ಲ, ರಿಪೇರಿಯೂ ಕಡಿಮೆ. ಈ ಕಟ್ಟಡವನ್ನು ನಕಲು ಮಾಡಬೇಕೆಂದಲ್ಲ, ನಾಲೆಯಿಲ್ಲದ ಕಡೆ ಹೀಗೆ ಬೆನ್ನು ಹಾಕುವುದು ಅನಗತ್ಯ. ನಿವೇಶನದ ಕೆಟ್ಟ ಗುಣವೊಂದನ್ನು ಮೊದಲೇ ಲೆಕ್ಕಕ್ಕೆ ಹಿಡಿದು ನಕ್ಷೆ ಬರೆದ ರೀತಿ ಮುಖ್ಯ. ಹಸಿರು ಪ್ರಮಾಣಪತ್ರದ ಅಂಕಪಟ್ಟಿ ಇದಕ್ಕೆ ಎಷ್ಟು ಅಂಕ ಕೊಟ್ಟೀತು ಎಂದು ಊಹಿಸುವುದು ಕಷ್ಟ. ದಕ್ಷ ಯಂತ್ರಕ್ಕೆ ಅಂಕ ಕೊಡುವುದು ಸುಲಭ, ಬೇಡವಾದ ಯಂತ್ರಕ್ಕೆ ಕೊಡುವುದು ಕಷ್ಟ.

ಗಾಜಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೆಂಗಳೂರು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಗೆ ಬಂದು, ಅಲ್ಲಿಂದ ಆಗಸ್ಟ್ 18ರ ತನಕ ಉತ್ತರಕ್ಕೆ ವಾಲಿರುತ್ತಾನೆ. ಉತ್ತರ-ದಕ್ಷಿಣದ ಕಿಟಕಿಗಳಿಗೆ ಸೂರ್ಯ ಎತ್ತರದಲ್ಲಿರುವುದರಿಂದ ಛಜ್ಜಾ ಸಾಕು: ಡಿಸೆಂಬರ್ 21ರ ನಡುಹಗಲಿನಲ್ಲೂ ಎರಡು ಅಡಿಯ ಛಜ್ಜಾ ದಕ್ಷಿಣದ ಕಿಟಕಿಯ ಮೇಲಿನ ಎರಡೂಮುಕ್ಕಾಲು ಅಡಿಗೆ ನೆರಳು ಕೊಡುತ್ತದೆ. ಪೂರ್ವ-ಪಶ್ಚಿಮದ ಇಳಿಬಿಸಿಲಿಗೆ ಛಜ್ಜಾ ಉಪಯೋಗವಿಲ್ಲ, ಅಲ್ಲಿ ಗಾಜು ಕಡಿಮೆಯಿರಬೇಕು. ನಾಲ್ಕೂ ಮುಖಕ್ಕೆ ಒಂದೇ ಗಾಜು ಹೊದಿಸಿದ ಕಟ್ಟಡ ಈ ಯಾವುದನ್ನೂ ಕೇಳಿಸಿಕೊಂಡಿಲ್ಲ ಎಂದರ್ಥ. ಏಸಿ ಬೇಕೇಬೇಕಾದ ಕಡೆಯೂ ಹಿತಮಿತಕ್ಕೆ ದಾರಿಯಿದೆ. ಇನ್ಫೋಸಿಸ್ ಹೈದರಾಬಾದಿನ ಪೋಚಾರಂ ಆವರಣದಲ್ಲಿ ಒಂದೇ ಕಟ್ಟಡದ ಅರ್ಧಕ್ಕೆ ಮಾಮೂಲಿ ಏಸಿ, ಇನ್ನರ್ಧಕ್ಕೆ ಚಪ್ಪಡಿಯೊಳಗೆ ತಣ್ಣೀರಿನ ಕೊಳವೆ ಹಾಕಿ ಹೋಲಿಸಿತು. ಕೊಳವೆಯ ಅರ್ಧಕ್ಕೆ ತಂಪುಗೊಳಿಸಲು ಬೇಕಾದ ವಿದ್ಯುತ್ ಶೇ. 34 ಕಡಿಮೆ.

ಮನೆಗಳ ಮಾರುಕಟ್ಟೆಯಲ್ಲಿ ಹಿಡಿತದ ಪ್ರಶ್ನೆ ಕಿಟಕಿಯ ಹಳಿಯಲ್ಲಿ ಅಡಗಿದೆ. 2018ರ ‘ಇಕೋ ನಿವಾಸ್ ಸಂಹಿತಾ’ ಸಮಶೀತೋಷ್ಣ ವಲಯದಲ್ಲಿ ಕಾರ್ಪೆಟ್ ವಿಸ್ತೀರ್ಣದ ಶೇ. 12.5ರಷ್ಟು ತೆರೆಯುವ ಜಾಗ ಇರಬೇಕೆನ್ನುತ್ತದೆ. ಬಾಲ್ಕನಿಯ ಬಾಗಿಲೂ ಲೆಕ್ಕಕ್ಕೆ ಸೇರುತ್ತದೆ. ಇಲ್ಲಿ ಮುಖ್ಯ ಪದ ‘ತೆರೆಯುವ’. ಎರಡು ಹಲಗೆಯ ಜಾರುಕಿಟಕಿ ತೆರೆದರೂ ಅರ್ಧ ಮುಚ್ಚಿಯೇ ಇರುತ್ತದೆ, ಆದ್ದರಿಂದ ಸಂಹಿತೆ ಅದನ್ನು ಶೇ. 50 ಎಂದೂ, ಕೀಲಿನ ಮೇಲೆ ಹೊರಕ್ಕೆ ತೆರೆಯುವ ಕಿಟಕಿಯನ್ನು ಶೇ. 90 ಎಂದೂ ಎಣಿಸುತ್ತದೆ. 800 ಚದರಡಿಯ ಒಂದು ಕಾಲ್ಪನಿಕ ಫ್ಲಾಟು ತೆಗೆದುಕೊಳ್ಳಿ: 6 ಅಡಿಗೆ 7 ಅಡಿಯ ಬಾಲ್ಕನಿ ಬಾಗಿಲು, 5ಕ್ಕೆ 4ರ ಮೂರು ಕಿಟಕಿ, ಅಡಿಗೆಮನೆಗೆ 4ಕ್ಕೆ 3ರ ಒಂದು, ಬಚ್ಚಲುಗಳಿಗೆ 2ಕ್ಕೆ 2ರ ಎರಡು ವೆಂಟಿಲೇಟರ್. ಬೇಕಾದ್ದು 100 ಚದರಡಿ. ವೆಂಟಿಲೇಟರ್ ಬಿಟ್ಟು ಎಲ್ಲ ಜಾರುವವಾದರೆ ಸಿಗುವುದು 64, ಎಲ್ಲ ಕೀಲಿನವಾದರೆ ಸುಮಾರು 110. ಅದೇ ಗೋಡೆ, ಅದೇ ತೂತು. ಒಂದು ಪಾಸು, ಇನ್ನೊಂದು ಫೇಲು. ಫ್ಲಾಟು ಕೊಳ್ಳುವವರು ವಾಸ್ತು ಕೇಳುತ್ತಾರೆ, ನಲ್ಲಿಯ ಬ್ರ್ಯಾಂಡು ಕೇಳುತ್ತಾರೆ. ಈ ಲೆಕ್ಕ ಕೇಳಿದರೆ ಬಿಲ್ಡರ್‌ಗೆ ಕೀಲಿನ ಕಿಟಕಿ ನೆನಪಾದೀತು.

ಕಿಟಕಿ ತೆರೆಯಿರಿ ಎನ್ನುವುದು ಸುಲಭ, ತೆರೆದರೆ ಏನು ಬರುತ್ತದೆ ಎಂಬುದೂ ಬೆಂಗಳೂರಿಗೆ ಗೊತ್ತು. ಪಕ್ಕದಲ್ಲಿ ಮೆಟ್ರೊ ಕಾಮಗಾರಿಯ ಧೂಳು, ಕೆಳಗೆ ಹಾರ್ನು, ಸಂಜೆಗೆ ಸೊಳ್ಳೆ. ಸೊಳ್ಳೆಪರದೆ ಹಾಕಿದರೆ ಗಾಳಿ ಕುಗ್ಗುತ್ತದೆ. 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ದಾಖಲಾಯಿತು. ಅಂಥ ಮಧ್ಯಾಹ್ನದ ಬಿಸಿಗಾಳಿಯನ್ನು ಒಳಗೆ ಬಿಟ್ಟುಕೊಳ್ಳಬೇಕೆಂದು ಯಾವ ಸೂತ್ರವೂ ಹೇಳುವುದಿಲ್ಲ. ಆದ್ದರಿಂದ ಈ ಊರಿಗೆ ಒಪ್ಪುವುದು ಎರಡೂ ಇರುವ ಮಿಶ್ರ ಪದ್ಧತಿಯೇ: ಹೊರಗಿನ ಹವೆ ಒಳ್ಳೆಯದಿದ್ದಷ್ಟು ಹೊತ್ತು ಕಿಟಕಿ ಮತ್ತು ಫ್ಯಾನು, ಉಳಿದಾಗ ಏಸಿ. ಐಮ್ಯಾಕ್‌ನಲ್ಲಿ ಅದಕ್ಕೂ ಒಂದು ಸೂತ್ರವಿದ್ದು, ಹಿತದ ಪಟ್ಟಿ ಮೂರರಲ್ಲಿ ಅತ್ಯಂತ ಅಗಲವಾಗಿರುವುದು ಅಲ್ಲಿಯೇ, ಎರಡೂ ಬದಿಗೆ 3.46 ಡಿಗ್ರಿ. ಏಪ್ರಿಲ್‌ಗೆ ಲೆಕ್ಕ ಹಾಕಿದರೆ 22.2ರಿಂದ 29.2.

ಕಿಟಕಿ ತೆರೆದಿಟ್ಟು ಏಸಿಯನ್ನೂ ಓಡಿಸುವ ಅತಿಥಿಗಳ ಭಯದಿಂದ ಹೋಟೆಲಿನವರು ಕಿಟಕಿಗೆ ಬೀಗ ಹಾಕುತ್ತಾರೆ. ಅದಕ್ಕೆ ಪರಿಹಾರ ಹಳೆಯದು, ಅಗ್ಗದ್ದು. ಕಿಟಕಿಯ ಚೌಕಟ್ಟಿಗೆ ಆಯಸ್ಕಾಂತದ ಸ್ವಿಚ್ಚು ಕೂರಿಸಿದರೆ ಕಿಟಕಿ ತೆರೆದೊಡನೆ ಏಸಿ ನಿಲ್ಲುತ್ತದೆ, ಮುಚ್ಚಿದರೆ ಮತ್ತೆ ಓಡುತ್ತದೆ. ಬಾಗಿಲ ಬಳಿ ಕೀ-ಕಾರ್ಡಿನ ಸ್ವಿಚ್ಚು ಹಾಕಿಸುವ ಎಲೆಕ್ಟ್ರಿಷಿಯನ್ನೇ ಇದನ್ನೂ ಹಾಕಬಲ್ಲ. ಜೊತೆಗೆ ಚಾವಣಿಗೆ ಒಂದು ಫ್ಯಾನು, ಕಪಾಟಿನಲ್ಲಿ ಒಂದು ತೆಳು ಹೊದಿಕೆ.